ಬಿ.ಕಾಂ. ಓದಿದವರು ಅಮೆರಿಕದಲ್ಲಿ ನರ್ಸಿಂಗ್‌ಗೆ ಸೇರಲು ಮೊದಲು ಏನೇನು ಓದಿರಬೇಕು?

ನೀವು 2012ರಲ್ಲಿ ಮೈಸೂರಿನಲ್ಲಿ ಬಿ.ಕಾಂ. ಮುಗಿಸಿದ್ದೀರಿ. ಈಗ ಗ್ರೀನ್ ಕಾರ್ಡ್ ಪಡೆದು ಡಲ್ಲಾಸ್‌ನಲ್ಲಿದ್ದೀರಿ. ಪದವೀಧರರಿಗೆಂದೇ ಇರುವ ವೇಗದ ನರ್ಸಿಂಗ್ ಪದವಿಗೆ, ಅಂದರೆ ಎಬಿಎಸ್‌ಎನ್‌ಗೆ, ಸೇರುವ ಮುನ್ನ ಯಾವ ಕೋರ್ಸ್‌ಗಳನ್ನು ಮುಗಿಸಿರಬೇಕು, ಹಳೆಯ ಅಂಕಪಟ್ಟಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು, ಇದೇ ದಾರಿ ಹಿಡಿದವಳು. ಈಗ ರಾತ್ರಿ ಪಾಳಿಯ ನರ್ಸ್.

ಕೋರ್ಸ್‌ಗಳ ಚಿಂತೆ ಆಮೇಲೆ. ನಿಮಗೆ ಮೊದಲು ಎದುರಾಗುವ ತೊಡಕು ಮೂರು ವರ್ಷದ ಬಿ.ಕಾಂ. ಇಲ್ಲಿನ ಪದವಿ ನಾಲ್ಕು ವರ್ಷದ್ದು. ನಮ್ಮ ಅಂಕಪಟ್ಟಿಯನ್ನು ಡಬ್ಲ್ಯುಇಎಸ್, ಇಸಿಇಯಂತಹ ಸಂಸ್ಥೆಗಳು ತೂಗಿ ನೋಡಿ ವರದಿ ಕೊಡುತ್ತವೆ. ಮೂರು ವರ್ಷದ ಪದವಿಯನ್ನು ಎಲ್ಲರೂ ಪೂರ್ಣ ಪದವಿಯೆಂದು ಒಪ್ಪುವುದಿಲ್ಲ. ಆದ್ದರಿಂದ ನೀವು ಸೇರಬೇಕೆಂದಿರುವ ಮೂರು ನಾಲ್ಕು ಕಾಲೇಜುಗಳಿಗೆ ಇಮೇಲ್ ಬರೆದು, ಯಾರ ವರದಿ ನಡೆಯುತ್ತದೆ, ಮೂರು ವರ್ಷದ ಪದವಿ ಸಾಕೇ ಎಂದು ಕೇಳಿ. ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ, ಉತ್ತರ ಬರಹದಲ್ಲಿರಲಿ. ವರದಿ ತರಿಸುವಾಗ ಪ್ರತಿ ವಿಷಯದ ಕ್ರೆಡಿಟ್, ಗ್ರೇಡ್ ತೋರಿಸುವಂಥದ್ದನ್ನೇ ತರಿಸಿ. ಎಲ್ಲಿಯೂ ಒಪ್ಪದಿದ್ದರೆ ಕಮ್ಯುನಿಟಿ ಕಾಲೇಜಿನ, ಅಂದರೆ ಕಡಿಮೆ ಶುಲ್ಕದ ಸ್ಥಳೀಯ ಸರ್ಕಾರಿ ಕಾಲೇಜಿನ, ಎರಡು ವರ್ಷದ ನರ್ಸಿಂಗ್ ಪದವಿ ಎಡಿಎನ್ ಇದ್ದೇ ಇದೆ. ಕೊನೆಗೆ ಎರಡೂ ಕಡೆಯವರು ಬರೆಯುವುದು ನರ್ಸ್ ಪರವಾನಗಿಗೆ ಬೇಕಾದ ಅದೇ ಎನ್‌ಸಿಎಲ್‌ಇಎಕ್ಸ್ ಪರೀಕ್ಷೆಯನ್ನು.

ಪದವಿ ಇದ್ದ ಮಾತ್ರಕ್ಕೆ ಪ್ರಿರಿಕ್ವಿಸಿಟ್‌ಗಳು, ಅಂದರೆ ಸೇರುವ ಮುನ್ನ ಮುಗಿಸಿರಬೇಕಾದ ಕೋರ್ಸ್‌ಗಳು, ಮುಗಿದಂತಲ್ಲ, ಅವುಗಳ ಲೆಕ್ಕವೇ ಬೇರೆ. ಕಾಲೇಜಿನಿಂದ ಕಾಲೇಜಿಗೆ ಪಟ್ಟಿ ಬದಲಾದರೂ ಹೆಚ್ಚಿನ ಕಡೆ ಕೇಳುವುದು ಪ್ರಯೋಗಾಲಯ ಸಹಿತವಾದ ಅನಾಟಮಿ ಮತ್ತು ಫಿಸಿಯಾಲಜಿಯ (ದೇಹದ ರಚನೆ ಮತ್ತು ಕಾರ್ಯ) ಎರಡು ಭಾಗ, ಮೈಕ್ರೋಬಯಾಲಜಿ, ಸಂಖ್ಯಾಶಾಸ್ತ್ರ, ಹುಟ್ಟಿನಿಂದ ಮುಪ್ಪಿನವರೆಗಿನ ಬೆಳವಣಿಗೆಯ ಮನಶ್ಶಾಸ್ತ್ರ. ಕೆಲವು ಕಡೆ ರಸಾಯನಶಾಸ್ತ್ರವೂ ಪೋಷಣಾಶಾಸ್ತ್ರವೂ ಸೇರುತ್ತವೆ. ಬಿ.ಕಾಂ.ನಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆ ಇದ್ದರೆ ಅದನ್ನು ಸುಮ್ಮನೆ ಬಿಟ್ಟುಕೊಡಬೇಡಿ. ನಾನು ಅದನ್ನು ಓದಿದ್ದು ಗಣಿತದ ನಾಲ್ಕನೆಯ ಪತ್ರಿಕೆಯಲ್ಲಿ, ಆದರೆ ಅಂಕಪಟ್ಟಿಯಲ್ಲಿ ಇದ್ದದ್ದು ‘ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್ 4’ ಎಂದು ಮಾತ್ರ. ಅದರೊಳಗೆ ಸಂಭವನೀಯತೆ ಇತ್ತೆಂದು ಇಲ್ಲಿಯವರಿಗೆ ಹೇಗೆ ತಿಳಿಯಬೇಕು? ಅಪ್ಪ ಕಾಲೇಜಿಗೆ ಎರಡು ಬಾರಿ ಅಲೆದು, ಪಠ್ಯಕ್ರಮದ ಪ್ರತಿಗೆ ಮೊಹರು ಹಾಕಿಸಿ ಕಳಿಸಿದರು. ಒಂದು ಕಾಲೇಜು ಒಪ್ಪಿತು, ಇನ್ನೊಂದು ಒಪ್ಪಲಿಲ್ಲ.

ಕಾಲ ನುಂಗುವುದು ವಿಜ್ಞಾನದ ಕೋರ್ಸ್‌ಗಳೇ. ಅನಾಟಮಿಯ ಮೊದಲ ಭಾಗ ಮುಗಿಯದೆ ಎರಡನೆಯದಕ್ಕೆ ಸೇರಿಸುವುದಿಲ್ಲ. ಎಷ್ಟೇ ಆತುರಪಟ್ಟರೂ ಎರಡು ಸೆಮಿಸ್ಟರ್ ಬೇಕು. ಹಾಗಾಗಿ ಅದನ್ನೇ ಮೊದಲು ಹಿಡಿಯಿರಿ, ಮನಶ್ಶಾಸ್ತ್ರ ಕಾಯುತ್ತದೆ. ಹಾಗೆಂದು ತೀರಾ ನಿಧಾನವೂ ಆಗಬಾರದು: ವಿಜ್ಞಾನದ ಕೋರ್ಸ್‌ಗಳು ಐದು, ಏಳು ಅಥವಾ ಹತ್ತು ವರ್ಷದೊಳಗಿನವಾಗಿರಬೇಕೆಂಬ ನಿಯಮ ಹಲವು ಕಾಲೇಜುಗಳಲ್ಲಿದೆ. ಆನ್‌ಲೈನ್‌ನಲ್ಲಿ ಮಾಡಿದ ಪ್ರಯೋಗಾಲಯವನ್ನು ಒಪ್ಪುತ್ತಾರೆಯೇ ಎಂಬುದನ್ನೂ ಶುಲ್ಕ ಕಟ್ಟುವ ಮೊದಲೇ ಕೇಳಿ.

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ಒಂದೇ ಸೆಮಿಸ್ಟರ್‌ನಲ್ಲಿ ಅನಾಟಮಿ, ರಸಾಯನಶಾಸ್ತ್ರ ಎರಡಕ್ಕೂ ಸೇರಿದೆ. ಹೃದಯದ ರಚನೆ ತಿಳಿಯಲು ಕುರಿಯ ಹೃದಯ ಕೊಯ್ಯಬೇಕಿತ್ತು. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದವಳು ನಾನು, ಕೈ ನಡುಗಿತು. ನರಕೋಶದ ಪಾಠದಲ್ಲಿ ಮೈನಸ್ 70 ಮಿಲಿವೋಲ್ಟ್ ಎಂದು ಬಂದಾಗ ಮಾತ್ರ ತವರಿನವರು ಸಿಕ್ಕಂತಾಯಿತು. ಆದರೆ 206 ಮೂಳೆಗಳ ಮುಂದೆ ಎಲೆಕ್ಟ್ರಾನಿಕ್ಸ್ ನಡೆಯಲಿಲ್ಲ, ಸಿಕ್ಕಿದ್ದು ಸಿ. ನಿಯಮದ ಪ್ರಕಾರ ಸಿ ಸಾಕು, ಆದರೆ ಸೀಟಿಗೆ ಪೈಪೋಟಿ ಮಾಡುವವರ ಕೈಯಲ್ಲಿ ಎ ಇರುತ್ತದೆ. ಮತ್ತೆ ಓದಿ ಎ ತೆಗೆದೆ. ಒಂದು ಕಾಲೇಜಿನವರು ಎರಡೂ ಗ್ರೇಡ್‌ಗಳ ಸರಾಸರಿ ಹಿಡಿದರು. ನೀವು ಕೆಲಸದಲ್ಲಿದ್ದರೆ ಸೆಮಿಸ್ಟರ್‌ಗೆ ಒಂದೇ ವಿಜ್ಞಾನದ ಕೋರ್ಸ್ ಸಾಕು.

ಹಣದ ಮಾತು: ಪದವಿ ಇರುವವರಿಗೆ, ಅದು ಭಾರತದ್ದೇ ಆಗಿರಲಿ, ಪೆಲ್ ಗ್ರಾಂಟ್, ಅಂದರೆ ವಿದ್ಯಾರ್ಥಿಗಳಿಗೆ ಇಲ್ಲಿನ ಕೇಂದ್ರ ಸರ್ಕಾರ ಕೊಡುವ ಧನಸಹಾಯ, ಸಿಗುವುದಿಲ್ಲ. ಹಾಗಾಗಿ ಈ ಕೋರ್ಸ್‌ಗಳನ್ನು ವಿಶ್ವವಿದ್ಯಾಲಯದಲ್ಲಲ್ಲ, ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಮುಗಿಸಿ. ಟೀಸ್ ಪ್ರವೇಶ ಪರೀಕ್ಷೆ ಕೇಳುವ ಕಾಲೇಜಾದರೆ ಅನಾಟಮಿಯ ಎರಡನೆಯ ಭಾಗ ಮುಗಿದ ಕೂಡಲೇ ಬರೆದುಬಿಡಿ.

ಇವೆಲ್ಲಕ್ಕಿಂತ ಮೊದಲು ಮೈಸೂರಿನಲ್ಲಿರುವ ನಿಮ್ಮವರಿಗೆ ಫೋನ್ ಮಾಡಿ, ಅಂಕಪಟ್ಟಿಗಳ ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿ. ವಿಶ್ವವಿದ್ಯಾಲಯ ಮೊಹರು ಮಾಡಿ ಕೊಟ್ಟ ಲಕೋಟೆಯನ್ನು ಯಾರೂ ಒಡೆಯಬಾರದೆಂದು ಎರಡು ಸಲ ಹೇಳಿ. ನನ್ನ ಮೊದಲ ಲಕೋಟೆಯನ್ನು ಅಪ್ಪ, ‘ಎಲ್ಲ ಸರಿಯಾಗಿದೆಯೇ ನೋಡೋಣ’ ಎಂದು ಒಡೆದು, ಓದಿ, ಗೋಂದು ಹಚ್ಚಿ ಕಳಿಸಿದ್ದರು.