ಮೈದಾನ ಬಿಟ್ಟು ಸಾಸಿವೆ ಹೊಲದಲ್ಲಿ ಇಳಿದೆ, ತಪ್ಪಿದ್ದು ಎಲ್ಲಿ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಊರು ಗದಗ, ಕೆಲಸ ಹುಬ್ಬಳ್ಳಿಯಲ್ಲಿ. ವಯಸ್ಸು 26. ಎರಡು ವರ್ಷ ದುಡ್ಡು ಕೂಡಿಟ್ಟು, ಈ ಚಳಿಗಾಲದಲ್ಲಿ ಉತ್ತರ ಭಾರತದ ಒಂದು ಕೇಂದ್ರಕ್ಕೆ ಹೋಗಿ ಸ್ಕೈಡೈವಿಂಗ್ ಕೋರ್ಸ್ ಸೇರಿದೆ. ಮೊದಲ ಆರು ಜಿಗಿತ ಚೆನ್ನಾಗಿ ಆದವು. ಏಳನೆಯದು ಮಧ್ಯಾಹ್ನ ಇತ್ತು. 5,000 ಅಡಿಯಲ್ಲಿ ಪ್ಯಾರಾಚೂಟ್ ತೆರೆಯಿತು, ಆದರೆ ಹಗ್ಗಗಳು ತಿರುಚಿಕೊಂಡಿದ್ದವು. ಕಾಲು ಒದ್ದು ಬಿಡಿಸಿಕೊಳ್ಳುವಷ್ಟರಲ್ಲಿ 4,000 ಅಡಿಗೆ ಬಂದಿದ್ದೆ. ಆಮೇಲೆ ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು, ನಾವು ಇಳಿಯಬೇಕಾದ ಮೈದಾನದ ಕಡೆ ಬಂದೆ. ಮೈದಾನದ ಮೇಲೆ ಬಂದಾಗ ಎತ್ತರ ತೋರಿಸುವ ಆಲ್ಟಿಮೀಟರ್ 2,000 ಅಡಿ ತೋರಿಸುತ್ತಿತ್ತು. ಇನ್ನೂ ಎತ್ತರ ಇದೆಯಲ್ಲ ಅಂತ ಮುಂದೆ ಹೋದೆ. 1,200 ಅಡಿಯಲ್ಲಿ ತಿರುಗಿದರೆ ಪ್ಯಾರಾಚೂಟ್ ಮುಂದೆ ಹೋಗಲೇ ಇಲ್ಲ, ನಿಂತಲ್ಲೇ ನಿಂತ ಹಾಗೆ ಆಯಿತು. ಕಿವಿಯಲ್ಲಿದ್ದ ರೇಡಿಯೋದಲ್ಲಿ ಬರೀ ಗರಗರ ಸದ್ದು. ಕೊನೆಗೆ ಎದುರಿಗೆ ಕರೆಂಟ್ ವೈರ್ ಕಂಡಿತು. ಗಾಬರಿಯಾಗಿ, ತಿರುಗಿಸುವ ಹಿಡಿಕೆಗಳಲ್ಲಿ ಬಲಗಡೆಯದನ್ನು ಜೋರಾಗಿ ಎಳೆದೆ. ಆಗ 150 ಅಡಿ ಇದ್ದಿರಬೇಕು. ಸಾಸಿವೆ ಹೊಲದಲ್ಲಿ ಬಿದ್ದೆ. ಪಾದ ಉಳುಕಿ ಮೂರು ವಾರ ಮನೆಯಲ್ಲಿ ಕೂತೆ. ರೇಡಿಯೋ ಸರಿ ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ ಅಲ್ವಾ? ನನ್ನ ತಪ್ಪು ಎಲ್ಲಿ? ಮತ್ತೆ ಹೋಗುವ ಮುಂಚೆ ಏನು ಕಲಿಯಬೇಕು? ಅಪ್ಪ "ಇನ್ನು ಸಾಕು" ಅಂತಿದ್ದಾರೆ.

ಉತ್ತರ: ತಂಗಿ, ಹೊಲದಲ್ಲಿ ಇಳಿದಿದ್ದಕ್ಕೆ ನಾಚಿಕೆ ಪಡಬೇಡಿ. ಸೇನೆಯಲ್ಲಿದ್ದಾಗ ವರ್ಷಗಟ್ಟಲೆ ಪ್ಯಾರಾಚೂಟ್ ಜಿಗಿತ ಕಲಿಸಿದವನು ನಾನು. ನಾನೂ ಕಬ್ಬಿನ ಹೊಲದಲ್ಲಿ ಇಳಿದಿದ್ದೇನೆ, ಒಮ್ಮೆ ಇಟ್ಟಿಗೆ ಭಟ್ಟಿಯ ಪಕ್ಕದಲ್ಲೂ ಇಳಿದಿದ್ದೇನೆ. ಜಿಗಿಯುವವರಿಗೆಲ್ಲ ಇದು ಒಂದಲ್ಲ ಒಂದು ದಿನ ಬರುತ್ತದೆ. ನಿಮ್ಮ ಕಾಲಿಗೆ ಪೆಟ್ಟಾಗಿದ್ದಕ್ಕೆ ಕಾರಣ ಬೇರೆ. ಕೈಗೆ ಸಿಗದ ಮೈದಾನವನ್ನು ನೀವು ಕೊನೇ ಗಳಿಗೆವರೆಗೂ ಬಿಡಲಿಲ್ಲ. ಬಿಟ್ಟಾಗ ಎತ್ತರವೇ ಉಳಿದಿರಲಿಲ್ಲ.

ಗಾಳಿಯಿಂದ ಶುರು ಮಾಡೋಣ. ಆಷಾಢದಲ್ಲಿ ಹುಬ್ಬಳ್ಳಿಯಿಂದ ಅಣ್ಣಿಗೇರಿ ಕಡೆ ಯಾವತ್ತಾದರೂ ಸೈಕಲ್ ಹೊಡೆದಿದ್ದೀರಾ? ಹೋಗುವಾಗ ಪಡುವಣ ಗಾಳಿ ಬೆನ್ನಿಗೆ ಇರುತ್ತದೆ, ತುಳಿಯುವುದೇ ಬೇಡ ಅನ್ನಿಸುತ್ತದೆ. ವಾಪಸ್ ಬರುವಾಗ ಅದೇ ರಸ್ತೆ, ಅದೇ ಸೈಕಲ್, ಆದರೆ ತೊಡೆ ಬಿದ್ದುಹೋಗುತ್ತದೆ. ನಿಮಗೆ ಆಗಿದ್ದೂ ಇದೇ. ಕಲಿಯುವವರಿಗೆ ಕೊಡುವ ದೊಡ್ಡ ಪ್ಯಾರಾಚೂಟ್ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಮುಂದೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಗಾಳಿ 25 ಇದೆ. ಗಾಳಿಯ ಜೊತೆ ಹೋದರೆ ನೆಲದ ಮೇಲೆ ನಿಮ್ಮ ವೇಗ 55. ಗಾಳಿಗೆ ಎದುರಾದರೆ ಬರೀ 5. ಇಳಿಯುವ ವೇಗ ಮಾತ್ರ ಎರಡೂ ಕಡೆ ಒಂದೇ, ನಿಮಿಷಕ್ಕೆ ಹೆಚ್ಚು ಕಡಿಮೆ 1,000 ಅಡಿ.

ಈಗ ನಿಮ್ಮದೇ ಲೆಕ್ಕ ಹಾಕಿ. 2,000 ಅಡಿಯಿಂದ 1,200 ಅಡಿಗೆ ಬರಲು ಮುಕ್ಕಾಲು ನಿಮಿಷದ ಮೇಲೆ ಸ್ವಲ್ಪ ಹಿಡಿದಿರುತ್ತದೆ. ಅಷ್ಟರಲ್ಲಿ ಮೈದಾನ ದಾಟಿ 700 ಮೀಟರ್ ಆಚೆ ಹೋಗಿದ್ದೀರಿ. ಉಳಿದ 1,200 ಅಡಿಯಲ್ಲಿ ಗಾಳಿಗೆ ಎದುರಾಗಿ ಎಷ್ಟು ವಾಪಸ್ ಬರಬಹುದು? ನೂರು ಮೀಟರ್. ಹಾಗಾಗಿ 1,200 ಅಡಿಯಲ್ಲಿ ತಿರುಗಿದಾಗಲೇ ಮೈದಾನ ನಿಮ್ಮ ಪಾಲಿಗೆ ಇರಲಿಲ್ಲ. ಆಮೇಲಿನ ಒಂದು ನಿಮಿಷ ಪೂರ್ತಿ ನೀವು ಅದನ್ನೇ ನೋಡುತ್ತಾ ಬಂದಿರಿ. ನೋಡುವ ಕಣ್ಣು ಒಂದೇ ಕಡೆ ಅಂಟಿಕೊಂಡರೆ ಕೆಳಗಿನ ಒಳ್ಳೆಯ ಹೊಲ ಕಾಣುವುದಿಲ್ಲ, ವೈರೂ ಕಾಣುವುದಿಲ್ಲ.

ಕಣದಲ್ಲಿ ರಾಶಿ ತೂರುವುದನ್ನು ನೋಡಿರುತ್ತೀರಿ. ತೂರುವ ಮುಂಚೆ ಹಿರಿಯರು ಒಂದು ಹಿಡಿ ಮಣ್ಣು ಮೇಲಿಂದ ಬಿಡುತ್ತಾರೆ. ಗಾಳಿ ಯಾವ ಕಡೆಯಿಂದ, ಎಷ್ಟು ಜೋರು ಅಂತ ನೋಡಿ ಆಮೇಲೆ ಮೊರ ಎತ್ತುತ್ತಾರೆ. ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ಪ್ಯಾರಾಚೂಟ್ ತೆರೆಯುವ ತನಕ ನಾವು ಕಾಳು. ತೆರೆದ ಮೇಲೆ ಹೊಟ್ಟು. ಅದಕ್ಕೇ ಎತ್ತರ ಇರುವ ತನಕ ಗಾಳಿ ಬರುವ ಕಡೆಯೇ ಇರಬೇಕು. ನಿಮ್ಮ ಪ್ಯಾರಾಚೂಟ್ ತೆರೆದಿದ್ದು ಸರಿಯಾದ ಜಾಗದಲ್ಲೇ. ಅಲ್ಲೇ ಆ ಕಡೆ ಈ ಕಡೆ ನಿಧಾನವಾಗಿ ತಿರುಗುತ್ತಾ ಎತ್ತರ ಕಳೆಯಬೇಕಿತ್ತು. 1,000 ಅಡಿ ಹೊತ್ತಿಗೆ ಮೈದಾನದ ಪಕ್ಕಕ್ಕೆ ಬಂದು ಗಾಳಿಯ ಜೊತೆ ಸ್ವಲ್ಪ ದೂರ, 600 ಅಡಿಯಲ್ಲಿ ಅಡ್ಡ, 300 ಅಡಿಯಲ್ಲಿ ಗಾಳಿಗೆ ಎದುರಾಗಿ ನೇರ. ಈ ಮೂರು ಅಂಕಿ ನಿಮಗೆ ಕ್ಲಾಸಿನಲ್ಲಿ ಹೇಳಿರುತ್ತಾರೆ. ಇಳಿಯುವ ದಾರಿಯ ಮೂರು ಗೆರೆ ಇವು. ಗಾಳಿ ಜಾಸ್ತಿ ಇದ್ದ ದಿನ ಗಾಳಿಯ ಜೊತೆ ಹೋಗುವ ಮೊದಲನೇ ಗೆರೆಯನ್ನು ಗಿಡ್ಡ ಮಾಡಬೇಕು ಅನ್ನುವುದು ಮಾತ್ರ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ಮೈದಾನದ ಕಂಬಕ್ಕೆ ಕಟ್ಟಿದ ಗಾಳಿ ಚೀಲ ನೋಡಿಯೇ ಏರಿದ್ದೆ ಅಂತ ನೀವು ಅನ್ನಬಹುದು. ಚೀಲ ಹೇಳುವುದು ನೆಲದ ಗಾಳಿ. ಗದಗದವರಿಗೆ ಕಪ್ಪತಗುಡ್ಡದ ಗಾಳಿಯಂತ್ರ ಹೊಸದೇನಲ್ಲ. ಗುಡ್ಡದ ಮೇಲೆ ಮತ್ತೆ ಅಷ್ಟುದ್ದ ಕಂಬ ಹಾಕಿ ರೆಕ್ಕೆ ಕೂರಿಸುವುದು ಯಾಕೆ? ನೆಲದ ಹತ್ತಿರ ಮರ, ಮನೆ, ದಿಬ್ಬ ಗಾಳಿಯನ್ನು ತಡೆಯುತ್ತವೆ. ಮೇಲೆ ಹೋದ ಹಾಗೆ ಸಾಮಾನ್ಯವಾಗಿ ಗಾಳಿ ಜೋರಾಗುತ್ತದೆ. ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮದಲ್ಲಿ ಕಲಿಯುವವರಿಗೆ ನೆಲದ ಗಾಳಿಯ ಮಿತಿ ಗಂಟೆಗೆ 14 ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್. ಕೆಳಗೆ ಈ ಮಿತಿ ಒಳಗೇ ಇದ್ದರೂ 2,000 ಅಡಿಯಲ್ಲಿ ನಿಮ್ಮ ಪ್ಯಾರಾಚೂಟನ್ನು ನಿಲ್ಲಿಸಿಬಿಡುವಷ್ಟು ಗಾಳಿ ಇರಬಹುದು. ಅದೂ ಮಧ್ಯಾಹ್ನ. ನೆಲ ಕಾದಾಗ ಮೇಲಿನ ಗಾಳಿ ಕೆಳಗಿನದರ ಜೊತೆ ಬೆರೆಯುತ್ತದೆ, ಬೆಳಗ್ಗೆ ಮೆತ್ತಗಿದ್ದ ಗಾಳಿ ಏಳುತ್ತದೆ. ಮುಂದಿನ ಸಲ ವಿಮಾನ ಹತ್ತುವ ಮುಂಚೆ 1,000, 2,000, 3,000 ಅಡಿಯ ಗಾಳಿ ಎಷ್ಟಿದೆ ಅಂತ ತರಬೇತುದಾರರನ್ನು ಬಾಯಿಬಿಟ್ಟು ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು 2,000 ಅಡಿ. ಈ ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡರೂ ತಪ್ಪಿಲ್ಲ. ಅಲ್ಲಿ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕು: ಮೈದಾನಕ್ಕೆ ಹೋಗಿ, ಮೂರೂ ಗೆರೆ ಹಾಕಿ, ನಿರಾಳವಾಗಿ ಇಳಿಯಲು ಆಗುತ್ತದಾ? ಅನುಮಾನ ಬಂದರೆ ಇಲ್ಲ ಅಂತಲೇ ಅರ್ಥ. ತಕ್ಷಣ ಬೇರೆ ಜಾಗ ಹಿಡಿಯಬೇಕು. ಹಿಡಿದ ಮೇಲೆ ಆ ಹೊಲವೇ ನಿಮ್ಮ ಮೈದಾನ, ಅದರ ಮೇಲೆ ಅದೇ ಮೂರು ಗೆರೆ. ಮೈದಾನದ ಕಡೆ ಇನ್ನೊಂದು ಸಲ ಕಣ್ಣು ಹಾಕಬಾರದು.

ಆಗುತ್ತದೋ ಇಲ್ಲವೋ ಅಂತ ತಿಳಿಯಲು ಕಣ್ಣಿನ ಲೆಕ್ಕ ಒಂದಿದೆ. ಗಾಳಿಗೆ ಎದುರಾಗಿ ನೇರ ಹೋಗುತ್ತಾ, ಕೈ ಅಲುಗಿಸದೆ, ಇಳಿಯಬೇಕಾದ ಜಾಗವನ್ನೇ ಹತ್ತು ಸೆಕೆಂಡು ನೋಡಿ. ಅದು ನಿಮ್ಮ ಕಾಲಿನ ಕಡೆ ಜಾರಿ ಬಂದರೆ ನೀವು ಅದನ್ನು ದಾಟಿ ಹೋಗುತ್ತೀರಿ. ಮೇಲೆ, ದಿಗಂತದ ಕಡೆ ಸರಿದರೆ ಅಲ್ಲಿಗೆ ಮುಟ್ಟುವುದಿಲ್ಲ. ಮೇಲೂ ಹೋಗದೆ ಕೆಳಗೂ ಬರದೆ ನಿಂತಲ್ಲೇ ನಿಂತ ಜಾಗ ಯಾವುದೋ, ನಿಮ್ಮ ಕಾಲು ಊರುವುದು ಅಲ್ಲೇ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುವಾಗಲೂ ಇದನ್ನು ಗಮನಿಸಬಹುದು. ಹುಬ್ಬಳ್ಳಿ ಗದಗ ನಡುವೆ ಓಡಾಡುವವರಿಗೆ ಅಭ್ಯಾಸಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ಎಂಥ ಹೊಲ ಹಿಡಿಯಬೇಕು? ಅಗಲವಾಗಿರಬೇಕು, ಗಿಡ್ಡ ಬೆಳೆ ಇರಬೇಕು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಕಡಲೆ ಹೊಲ ಒಳ್ಳೆಯದು. ಆಳೆತ್ತರದ ಬಿಳಿಜೋಳ ಬೇಡ. ಮೇಲಿಂದ ನೋಡಿದರೆ ಎರಡೂ ಹಸಿರು ಜಮಖಾನೆ ಹಾಸಿದ ಹಾಗೇ ಕಾಣುತ್ತವೆ, ಎತ್ತರ ಗೊತ್ತಾಗುವುದಿಲ್ಲ. ನೆರಳು ನೋಡಿ. ಹೊಲದ ಅಂಚಿನಲ್ಲಿ ದಪ್ಪ ಕಪ್ಪು ಗೆರೆ ಕಂಡರೆ ಬೆಳೆ ಎತ್ತರ ಇದೆ ಅಂತ. ಕುಂಟೆ ಹೊಡೆಯದೆ ಬಿಟ್ಟ ಎರೆ ಹೊಲದಲ್ಲಿ ಹೆಂಟೆ ಕಲ್ಲಿನ ಹಾಗೆ ಇರುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಟ್ಟಿರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಅಲ್ಲಿ.

ವೈರ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ಪತ್ರ ಓದುವಾಗ ನನ್ನ ಎದೆ ಝಲ್ ಅಂದಿದ್ದು ಅಲ್ಲೇ. ಮೇಲಿಂದ ವೈರ್ ಕಾಣುವುದಿಲ್ಲ. ಕಾಣುವಷ್ಟು ಹತ್ತಿರ ಬಂದಾಗ ತಡವಾಗಿರುತ್ತದೆ. ಅದಕ್ಕೆ ಕಂಬ ಹುಡುಕಬೇಕು. ರಸ್ತೆ ಇದ್ದ ಕಡೆ ಒಂದು ಲೈನ್ ಇದೆ ಅಂತಲೇ ತಿಳಿಯಿರಿ. ಹೊಲದ ಮಧ್ಯೆ ಪಂಪ್‌ಸೆಟ್ ಮನೆ ಕಂಡರೆ ಅಲ್ಲಿಗೂ ಒಂದು ಲೈನ್ ಬಂದೇ ಬಂದಿರುತ್ತದೆ. ಎರಡು ಕಂಬ ಕಂಡರೆ ಅವುಗಳ ನಡುವೆ ಗೋಡೆ ಕಟ್ಟಿದೆ ಅಂತ ಮನಸ್ಸಿನಲ್ಲಿ ಗೆರೆ ಎಳೆದುಬಿಡಿ. ಇದನ್ನೆಲ್ಲ 2,000 ಅಡಿಯಲ್ಲೇ ಮಾಡಿದರೆ 150 ಅಡಿಯಲ್ಲಿ ಗಾಬರಿ ಬೀಳುವ ಸಂದರ್ಭ ಬರುವುದಿಲ್ಲ.

ನೀವು ಕೊನೆಗೆ ಜೋರಾಗಿ ಎಳೆದಿರಲ್ಲ, ಅಷ್ಟೂ ಹೊತ್ತಿನಲ್ಲಿ ಅಪಾಯದ ಕೆಲಸ ಅಂದರೆ ಅದು. ಒಂದು ಕಡೆ ಜೋರಾಗಿ ಎಳೆದಾಗ ಪ್ಯಾರಾಚೂಟ್ ಬರೀ ತಿರುಗುವುದಿಲ್ಲ, ಮೂಗು ಕೆಳಗೆ ಮಾಡಿ ಧುಮುಕುತ್ತದೆ. ನೀವು ತೊಟ್ಟಿಲಿನ ಹಾಗೆ ಪಕ್ಕಕ್ಕೆ ತೂಗಿಹೋಗುತ್ತೀರಿ. ಅದು ಮತ್ತೆ ಮಟ್ಟಕ್ಕೆ ಬರಲು ಎತ್ತರ ಬೇಕು. ಇಲ್ಲದಿದ್ದರೆ ಧುಮುಕುವಾಗಲೇ ನೆಲ ಸಿಗುತ್ತದೆ. ಸರಿಯಾಗಿ ತೆರೆದ ಪ್ಯಾರಾಚೂಟಿನ ಕೆಳಗೇ ಸೊಂಟ ಮುರಿದುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನೀವು ಉಳುಕಿನಲ್ಲಿ ಪಾರಾಗಿದ್ದೀರಿ. ವೈರಿಗೆ ಮಾತ್ರ ಸಿಕ್ಕಬಾರದು, ಹಾಗಾಗಿ ತಿರುಗಿದ್ದು ತಪ್ಪು ಅನ್ನಲಾರೆ. ತಿರುಗುವ ರೀತಿ ಬೇರೆ ಇದೆ. ಎರಡೂ ಹಿಡಿಕೆಗಳನ್ನು ಅರ್ಧಕ್ಕೆ ಎಳೆದು ಹಿಡಿದು, ಬೇಕಾದ ಕಡೆ ಇಷ್ಟೇ ಇಷ್ಟು ಜಾಸ್ತಿ ಎಳೆದು, ಇನ್ನೊಂದನ್ನು ಸ್ವಲ್ಪ ಬಿಡುವುದು. ಪ್ಯಾರಾಚೂಟ್ ಚಪ್ಪಟೆಯಾಗಿ ತಿರುಗುತ್ತದೆ, ಎತ್ತರ ಕಡಿಮೆ ಹೋಗುತ್ತದೆ. ಇದನ್ನು ತರಬೇತುದಾರರ ಹತ್ತಿರ ಕೇಳಿ ಕಲಿತು, 3,000 ಅಡಿಯ ಮೇಲೆ ಹತ್ತಾರು ಸಲ ಮಾಡಿ ನೋಡಿ. ಎದುರಿಗೆ ಏನೂ ಅಡ್ಡ ಇಲ್ಲದೆ, ಗಾಳಿಗೆ ಎದುರಾಗಿಲ್ಲ ಅನ್ನುವ ಕಾರಣಕ್ಕಷ್ಟೇ ಕೆಳಗೆ ತಿರುಗುವುದು ಬೇಡ. ಗಾಳಿಯ ಜೊತೆಯೇ ನೇರ ಇಳಿದು ಉರುಳಿದರೆ ಪೆಟ್ಟಾಗಬಹುದು, ಆದರೆ ಕೆಳಗೆ ಜೋರಾಗಿ ತಿರುಗುವುದಕ್ಕಿಂತ ಅದು ವಾಸಿ.

ಉರುಳುವುದನ್ನು ಕಲಿಯಲು ವಿಮಾನ ಬೇಡ. ಗರಡಿ ಮನೆಯಲ್ಲಿ ಹುಡುಗರಿಗೆ ಬೀಳುವುದನ್ನೂ ಕಲಿಸುತ್ತಾರೆ ಅಲ್ವಾ, ಹಾಗೆಯೇ. ಪಾದ ಪೂರ್ತಿ ವಾಸಿಯಾದ ಮೇಲೆ, ವೈದ್ಯರು ಸರಿ ಅಂದ ಮೇಲೆ, ಎರಡು ಅಡಿ ಎತ್ತರದ ಕಟ್ಟೆಯಿಂದ ಮೆತ್ತಗಿನ ಮಣ್ಣಿಗೆ ಜಿಗಿಯಿರಿ. ಎರಡೂ ಪಾದ, ಎರಡೂ ಮೊಣಕಾಲು ಒಂದಕ್ಕೊಂದು ಅಂಟಿಕೊಂಡಿರಲಿ, ಮೊಣಕಾಲು ಸ್ವಲ್ಪ ಮಡಚಿರಲಿ. ನೆಲ ತಾಗಿದ ಕೂಡಲೇ ಪಕ್ಕಕ್ಕೆ ಬೀಳಿ: ಪಾದ, ಮೀನಖಂಡ, ತೊಡೆ, ಪೃಷ್ಠ, ಬೆನ್ನಿನ ಪಕ್ಕ. ಪೆಟ್ಟು ಐದು ಕಡೆ ಹಂಚಿಹೋಗುತ್ತದೆ. ಕೈ ಚಾಚಿ ನೆಲ ಊರಬೇಡಿ, ಮಣಿಕಟ್ಟು ಮುರಿಯುತ್ತದೆ. ದಿನಾ ಇಪ್ಪತ್ತು ಸಲ, ಎಡಕ್ಕೆ ಹತ್ತು, ಬಲಕ್ಕೆ ಹತ್ತು. ನೀವು ನಿಂತೇ ಇಳಿಯಬೇಕು ಅಂತ ಒಂದು ಕಾಲು ಮುಂದೆ ಚಾಚಿದ್ದಿರಬೇಕು. ಉಳುಕಿದ್ದು ಒಂದೇ ಪಾದ ಅನ್ನುವುದರಿಂದ ಹೀಗೆ ಊಹಿಸುತ್ತಿದ್ದೇನೆ.

ರೇಡಿಯೋ ಬಗ್ಗೆ ಕೇಳಿದಿರಿ. ಸರಿ ಇದ್ದಿದ್ದರೆ ಕೆಳಗಿನವರು ನಿಮ್ಮನ್ನು ಬೇಗ ತಿರುಗಿಸುತ್ತಿದ್ದರು, ನಿಜ. ಕೆಟ್ಟಿದ್ದನ್ನು ಕೇಂದ್ರಕ್ಕೆ ತಿಳಿಸಿ, ಅದು ಅವರ ಜವಾಬ್ದಾರಿ. ಆದರೆ ನಾನು ಕಲಿಸುವಾಗ ಹುಡುಗರಿಗೆ, ರೇಡಿಯೋ ಇಲ್ಲ ಅಂತಲೇ ತಿಳಿದು ಜಿಗಿಯಿರಿ ಅನ್ನುತ್ತಿದ್ದೆ. ಬ್ಯಾಟರಿ ಹೋಗುತ್ತದೆ, ಗಾಳಿ ಸದ್ದಿಗೆ ಕೇಳುವುದಿಲ್ಲ, ಬೇರೆಯವರಿಗೆ ಹೇಳಿದ್ದು ನಿಮಗೆ ಅನ್ನಿಸುತ್ತದೆ. ತೀರ್ಮಾನ ನಿಮ್ಮ ಕೈಯಲ್ಲಿರಲಿ.

ಅಪ್ಪನ ಮಾತಿಗೆ ಎದುರಾಡಬೇಡಿ, ಸುಮ್ನೆ ಕೂತು ಆ ಜಿಗಿತವನ್ನು ಕಾಗದದ ಮೇಲೆ ಬರೆದು ತೋರಿಸಿ. 4,000 ಅಡಿಯಲ್ಲಿ ಎಲ್ಲಿದ್ದೆ, 2,000ದಲ್ಲಿ ಎಲ್ಲಿದ್ದೆ, ಏನು ಮಾಡಿದೆ, ಏನು ಮಾಡಬೇಕಿತ್ತು. ತಿರುಚಿದ ಹಗ್ಗವನ್ನು ಹೆದರದೆ ಬಿಡಿಸಿಕೊಂಡಿದ್ದನ್ನೂ ಬರೆಯಿರಿ, ಅದು ಸಣ್ಣ ಕೆಲಸವಲ್ಲ. ಮಗಳಿಗೆ ತನ್ನ ತಪ್ಪು ಗೊತ್ತಿದೆ ಅಂತ ಕಂಡರೆ ಅಪ್ಪನ ಅರ್ಧ ಭಯ ಇಳಿಯುತ್ತದೆ. ಹೋಗುವುದಾದರೆ ಮೊದಲ ಎರಡು ಜಿಗಿತ ಬೆಳಗಿನ ಗಾಳಿಯಲ್ಲೇ ಮಾಡಿ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ರೈತ. ಹೀಗೆ ಪ್ಯಾರಾಚೂಟಿನಲ್ಲಿ ಜಿಗಿದವರು ಯಾರಾದರೂ ನಮ್ಮ ಹೊಲದಲ್ಲಿ ಬಿದ್ದರೆ ನಾವು ಏನು ಮಾಡಬೇಕು?

ಉತ್ತರ: ಕೇಳಿದ್ದಕ್ಕೆ ಕೈ ಮುಗಿಯುತ್ತೇನೆ. ಮೊದಲು ವೈರ್ ನೋಡಿ. ಪ್ಯಾರಾಚೂಟಾಗಲಿ ಹಗ್ಗವಾಗಲಿ ಲೈನಿಗೆ ತಾಗಿದ್ದರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಕೋಲಿನಿಂದಲೂ ಬೇಡ. ಹೆಸ್ಕಾಂಗೆ ಫೋನ್ ಮಾಡಿ ಲೈನಿನ ಕರೆಂಟ್ ತೆಗೆಸಿ, 112ಕ್ಕೆ ಹೇಳಿ. ವೈರ್ ಇಲ್ಲ, ಆದರೆ ಗಾಳಿಗೆ ಬಟ್ಟೆ ಉಬ್ಬಿ ಆ ಮನುಷ್ಯನನ್ನು ಎಳೆದುಕೊಂಡು ಹೋಗುತ್ತಿದೆ ಅಂದರೆ ಬಟ್ಟೆಯ ಒಂದು ಅಂಚು ಹಿಡಿದು ಎಳೆಯಿರಿ, ಉಬ್ಬು ಇಳಿಯುತ್ತದೆ. ಹಗ್ಗ ಕೈಗೆ ಸುತ್ತಿಕೊಳ್ಳಬೇಡಿ. ಬಿದ್ದವರು ಎದ್ದು ಕೂರದಿದ್ದರೆ, ಬೆನ್ನು ಅಥವಾ ಕುತ್ತಿಗೆ ನೋವು ಅಂದರೆ, ಎತ್ತಿ ಕೂರಿಸಬೇಡಿ. ಹೆಲ್ಮೆಟ್ ತೆಗೆಯಬೇಡಿ. ಮಲಗಿದ ಹಾಗೇ ಇರಲಿ, ನೆರಳು ಮಾಡಿ, 108 ಬರುವ ತನಕ ಮಾತಾಡಿಸುತ್ತಾ ಇರಿ. ನೀರು ಕೊಡುವುದು ಆಮೇಲೆ.

ಬೆಳೆ ಹಾಳಾಗಿದ್ದರೆ ಅದನ್ನು ಜಿಗಿಸಿದ ಕೇಂದ್ರದವರು ಬಂದು ನೋಡಿ ಕಟ್ಟಿಕೊಡಬೇಕು, ಅದನ್ನು ಕೇಳಲು ಸಂಕೋಚ ಬೇಡ. ನಾನು ನನ್ನ ಹುಡುಗರಿಗೆ ಬದುವಿನ ಮೇಲೇ ನಡೆದು ಹೊರಗೆ ಬನ್ನಿ, ಬೆಳೆಯಲ್ಲಿ ಪ್ಯಾರಾಚೂಟ್ ಎಳೆಯಬೇಡಿ ಅಂತ ಹೇಳಿ ಕಳಿಸುತ್ತಿದ್ದೆ. ಜಾಲಿ ಮುಳ್ಳಿಗೆ ಬಟ್ಟೆ ಸಿಕ್ಕಿದ್ದರೆ ಜಗ್ಗಬೇಡಿ. ಒಂದೊಂದೇ ಮುಳ್ಳು ಬಿಡಿಸಿ ಕೊಡಿ. ಅದೇ ಬಟ್ಟೆಯ ಕೆಳಗೆ ನಾಳೆ ಇನ್ನೊಬ್ಬರು ತೂಗಬೇಕು.