ಓದುಗರ ಪ್ರಶ್ನೆ: ಅಡುಗೆಮನೆಯ ನವೀಕರಣಕ್ಕೆ ಯಾವ ಉಪಕರಣ?

ಪ್ರಶ್ನೆ: ನಮ್ಮದು ಕಾಫಿ ತೋಟದೊಳಗಿನ ಹಳೆಯ ಹೆಂಚಿನ ಮನೆ. ಮಳೆಗಾಲ ಮುಗಿದ ಕೂಡಲೇ ಅಡುಗೆಮನೆಯನ್ನು ನವೀಕರಿಸಬೇಕೆಂದಿದ್ದೇವೆ. ಮನೆಯಲ್ಲಿ ಐವರಿದ್ದೇವೆ, ಹುತ್ತರಿ, ಕೈಲ್ ಮುಹೂರ್ತದ ದಿನಗಳಲ್ಲಿ ಇಪ್ಪತ್ತು ಜನರಿಗೆ ಅಡುಗೆಯಾಗುತ್ತದೆ. ಇಂಡಕ್ಷನ್ ಒಲೆ, ವಿದ್ಯುತ್ ಚಿಮಣಿ ಮತ್ತು ದೊಡ್ಡ ಫ್ರಿಜ್ ಕೊಳ್ಳುವ ಆಲೋಚನೆಯಿದೆ. ಸೌದೆ ಒಲೆಯನ್ನು ತೆಗೆಯಲು ಅತ್ತೆಯವರು ಒಪ್ಪುತ್ತಿಲ್ಲ. ದಯವಿಟ್ಟು ಸಲಹೆ ನೀಡಿ.
– ಓದುಗರು, ಪೊನ್ನಂಪೇಟೆ

ಉತ್ತರ: ಅಂಗಡಿಗೆ ಹೋಗುವ ಮೊದಲು ಎರಡು ಸಂಗತಿಗಳನ್ನು ಮನೆಯಲ್ಲಿಯೇ ಖಚಿತಪಡಿಸಿಕೊಳ್ಳಿ: ಸಂಜೆಯ ಹೊತ್ತಿನಲ್ಲಿ ನಿಮ್ಮ ಮನೆಗೆ ಬರುವ ವೋಲ್ಟೇಜ್ ಎಷ್ಟು, ಹೊಗೆಯು ಹೊರಹೋಗಲು ದಾರಿ ಎಲ್ಲಿದೆ. ತೋಟದ ಮನೆಗಳು ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್‌ನಿಂದ ದೂರದಲ್ಲಿ, ತಂತಿಯ ಕೊನೆಯಲ್ಲಿರುವುದರಿಂದ, 230 ವೋಲ್ಟ್ ಇರಬೇಕಾದ ಕಡೆ ಅದಕ್ಕಿಂತ ಬಹಳ ಕಡಿಮೆ ಬರುವುದುಂಟು. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಬೇರೆ ಬೇರೆ ಹೊತ್ತಿನಲ್ಲಿ ಅಳೆಸಿ, ಬರೆದಿಟ್ಟುಕೊಳ್ಳಿ. ಆ ಚೀಟಿಯೇ ನಿಮ್ಮ ಖರೀದಿಯ ಮೊದಲ ಕಾಗದ.

ಇಂಡಕ್ಷನ್ ಒಲೆಯು ಪೂರ್ಣ ಉರಿಯಲ್ಲಿ ಸುಮಾರು 2000 ವ್ಯಾಟ್, ಅಂದರೆ ಒಂಬತ್ತು ಆಂಪಿಯರ್‌ನಷ್ಟು ವಿದ್ಯುತ್ತನ್ನು ಎಳೆಯುತ್ತದೆ. ಅದಕ್ಕೆ 16 ಆಂಪಿಯರ್‌ನ ಪ್ರತ್ಯೇಕ ಪ್ಲಗ್, ಪ್ರತ್ಯೇಕ ವೈರಿಂಗ್ ಮತ್ತು ಸರಿಯಾದ ಅರ್ತಿಂಗ್ ಬೇಕು; ಹಳೆಯ ವೈರಿಂಗಿಗೆ ಜೋಡಿಸಬೇಡಿ. ಮನೆಯ ಸಾಮಾನ್ಯ ಇನ್ವರ್ಟರ್ ಅದನ್ನು ನಡೆಸಲಾರದು: 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿಯೇ 1800 ವ್ಯಾಟ್-ಗಂಟೆ. ಗಾಳಿ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದಿರುವ ನಿಮ್ಮ ಕಡೆಯಲ್ಲಿ ಇಂಡಕ್ಷನ್ ಎರಡನೆಯ ಒಲೆಯಾಗಬಹುದು, ಮುಖ್ಯ ಒಲೆಯಾಗಲಾರದು. ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಅದು ಇದರ ಮೇಲೆ ಕಾಯುತ್ತದೆ. ಆದ್ದರಿಂದ ಕಡಂಬಿಟ್ಟು ಬೇಯಿಸುವ ನಿಮ್ಮ ಅಲ್ಯೂಮಿನಿಯಂ ಅಥವಾ ತಾಮ್ರದ ಹಬೆಪಾತ್ರೆ, ಮಣ್ಣಿನ ಮಡಕೆಗಳು ಅದಕ್ಕೆ ಒದಗುವುದಿಲ್ಲ. ಗ್ಯಾಸ್ ಒಲೆಯನ್ನೇ ಮುಖ್ಯವಾಗಿಟ್ಟುಕೊಂಡು, ಎರಡು ಸಿಲಿಂಡರ್‌ಗಳ ಸಂಪರ್ಕ ಪಡೆದಿಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತದಿಂದ ರಸ್ತೆಗಳು ಕಡಿದುಹೋದದ್ದನ್ನು ಕಂಡವರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಇನ್ನು ಸೌದೆ ಒಲೆಯ ವಿಷಯ. ಅತ್ತೆಯವರ ಮಾತಿನಲ್ಲಿ ತಿರುಳಿದೆ ಎಂದೇ ನನ್ನ ಅಭಿಪ್ರಾಯ. ಹಬ್ಬದ ದಿನ ದೊಡ್ಡ ಪಾತ್ರೆಯಲ್ಲಿ ಪಂದಿ ಕರಿ ನಿಧಾನವಾಗಿ ಬೇಯಲು, ಜಡಿಮಳೆಯಲ್ಲಿ ಬಿಸಿನೀರಿಗೆ, ಬೇರೆಲ್ಲವೂ ಕೈಕೊಟ್ಟಾಗ ಅನ್ನಕ್ಕೆ ಅದು ಬೇಕಾಗುತ್ತದೆ. ಆದರೆ ನವೀಕರಣದಲ್ಲಿ ಹೆಚ್ಚು ಎಚ್ಚರ ವಹಿಸಬೇಕಾದ ಸ್ಥಳವೂ ಇದೇ. ವಿದ್ಯುತ್ ಚಿಮಣಿಯನ್ನು ಸೌದೆ ಒಲೆಯ ಮೇಲೆ ಎಂದಿಗೂ ಅಳವಡಿಸಬಾರದು, ಏಕೆಂದರೆ ಕಿಡಿಯು ಮೇಲೆದ್ದು ಎಣ್ಣೆಜಿಡ್ಡು ಹಿಡಿದ ಫಿಲ್ಟರಿಗೆ ತಗುಲಿದರೆ ಬೆಂಕಿ ಹತ್ತುತ್ತದೆ. ಅದಕ್ಕಿಂತಲೂ ಕಣ್ಣಿಗೆ ಕಾಣದ ಅಪಾಯವೊಂದಿದೆ. ಮಳೆಗೆಂದು ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡು ಚಿಮಣಿಯನ್ನು ಜೋರಾಗಿ ಓಡಿಸಿದರೆ, ಅದು ಹೊರಗೆ ತಳ್ಳಿದಷ್ಟೇ ಗಾಳಿ ಬೇರೆ ಕಡೆಯಿಂದ ಒಳಬರಬೇಕಾಗುತ್ತದೆ. ಒಳಬರಲು ಸುಲಭವಾದ ದಾರಿ ಸೌದೆ ಒಲೆಯ ಹೊಗೆಗೂಡೇ ಆಗಿಬಿಟ್ಟರೆ, ಹೊಗೆಯೂ ಅದರೊಂದಿಗಿರುವ, ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಕೂಡ ಮನೆಯೊಳಗೇ ತಿರುಗಿ ಬರುತ್ತವೆ. ಸಾಧ್ಯವಿದ್ದರೆ ಸೌದೆ ಒಲೆಯನ್ನು ಹಿತ್ತಿಲ ಕಡೆಯ ಪ್ರತ್ಯೇಕ ಕೋಣೆಗೆ ಅಥವಾ ಸೂರಿರುವ ಜಗಲಿಗೆ, ಅದರದೇ ಇಟ್ಟಿಗೆಯ ಹೊಗೆಗೂಡಿನೊಂದಿಗೆ ಸ್ಥಳಾಂತರಿಸಿ. ಅಡುಗೆಮನೆಯಲ್ಲಿಯೇ ಇಡಬೇಕೆಂದಾದರೆ, ಅದನ್ನೂ ವಿದ್ಯುತ್ ಚಿಮಣಿಯನ್ನೂ ಏಕಕಾಲಕ್ಕೆ ಬಳಸದಿರುವ ನಿಯಮವನ್ನು ಮಾಡಿಕೊಳ್ಳಿ.

ಗ್ಯಾಸ್ ಒಲೆಯ ಮೇಲಿನ ಚಿಮಣಿಯನ್ನು ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್ ಎತ್ತರದಲ್ಲಿ ಕೂಡಿಸಬೇಕು. ನಾಲ್ಕು ಬರ್ನರ್‌ಗಳ ಒಲೆಗೆ 90 ಸೆಂಟಿಮೀಟರ್ ಅಗಲದ್ದು ಒಳ್ಳೆಯದು. ಪೆಟ್ಟಿಗೆಯ ಮೇಲೆ ಗಂಟೆಗೆ 1200 ಘನ ಮೀಟರ್ ಎಂದು ಬರೆದಿರುವುದನ್ನು ನೋಡಿ ಮಾರುಹೋಗಬೇಡಿ: ಕೊಳವೆ ಉದ್ದವಾದಷ್ಟೂ, ತಿರುವುಗಳು ಹೆಚ್ಚಿದಷ್ಟೂ ಸೆಳೆತ ಕುಗ್ಗುತ್ತದೆ. ಕೊಳವೆಯನ್ನು ಹೆಂಚಿನ ಮೂಲಕ ಮೇಲಕ್ಕೆ ಒಯ್ದರೆ ಆ ಜಾಗದಲ್ಲಿ ಸೋರಿಕೆ ಕಾಣಿಸಿಕೊಳ್ಳುವುದು ಬಹುತೇಕ ಖಂಡಿತ. ಆದ್ದರಿಂದ ಸೂರಿನ ಕೆಳಗೆ, ಗೋಡೆಯಿಂದ ನೇರವಾಗಿ, ಹೊರಕ್ಕೆ ತುಸು ಇಳಿಜಾರಾಗಿರುವಂತೆ ಒಯ್ದು, ತುದಿಗೆ ಗಾಳಿ ಹಿಂದಿರುಗದಂತೆ ಮುಚ್ಚಳ ಹಾಕಿಸಿ. ಕೊಳವೆಯಿಲ್ಲದೆ ಇದ್ದಿಲಿನ ಫಿಲ್ಟರಿನಿಂದ ಗಾಳಿಯನ್ನು ಒಳಗೇ ಬಿಡುವ ಮಾದರಿ ಬೇಡವೇ ಬೇಡ. ಅದು ವಾಸನೆಯನ್ನು ತಗ್ಗಿಸಬಹುದು, ಆದರೆ ಹಬೆಯ ತೇವವನ್ನು ಅಡುಗೆಮನೆಯಲ್ಲಿಯೇ ಉಳಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೂ ಕಪಾಟಿಗೂ ಬೂಸಲು ಹಿಡಿಯುವ ಊರಿನಲ್ಲಿ ಅದನ್ನು ಮಾರುವವರ ಧೈರ್ಯವನ್ನು ಮೆಚ್ಚಬೇಕು.

ಫ್ರಿಜ್ ಕೊಳ್ಳುವಾಗ ಗಾತ್ರಕ್ಕಿಂತ ಮೊದಲು ಅದು ಎಷ್ಟು ವೋಲ್ಟೇಜ್‌ವರೆಗೆ ಸ್ಟೆಬಿಲೈಜರ್ ಇಲ್ಲದೆ ನಡೆಯುತ್ತದೆ ಎಂಬುದನ್ನು ನೋಡಿ, ನಿಮ್ಮ ಚೀಟಿಯೊಡನೆ ಹೋಲಿಸಿ. ಅಳತೆ ಅದಕ್ಕಿಂತ ಕೆಳಗಿಳಿಯುವುದಾದರೆ ಸ್ಟೆಬಿಲೈಜರ್ ಅವಶ್ಯ. ನಕ್ಷತ್ರದ ಲೇಬಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಖರ್ಚು ಎಂಬುದೂ ಇರುತ್ತದೆ. ಒಂದೇ ಗಾತ್ರದ ಎರಡು ಫ್ರಿಜ್‌ಗಳನ್ನು ಹೋಲಿಸಲು ಆ ಅಂಕಿಯೇ ಸಾಕು. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ತಂಪು ಸುಮಾರು ನಾಲ್ಕು ಗಂಟೆ ಉಳಿಯುತ್ತದೆ, ತುಂಬಿದ ಫ್ರೀಜರಿನದು ಎರಡು ದಿನದವರೆಗೂ ಉಳಿಯಬಹುದು. ಏಪ್ರಿಲ್, ಮೇ ತಿಂಗಳ ಸಿಡಿಲಿನಿಂದ ಸ್ಟೆಬಿಲೈಜರ್ ರಕ್ಷಿಸುತ್ತದೆ ಎಂದು ನಂಬಬೇಡಿ. ಅದಕ್ಕೆ ಮುಖ್ಯ ಬೋರ್ಡಿನಲ್ಲಿ, ಹಠಾತ್ತನೆ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ರಕ್ಷಕ ಬೇಕು, ಗುಡುಗು ಸಿಡಿಲು ಶುರುವಾಗುವ ಮೊದಲೇ ಪ್ಲಗ್ ಕಳಚಿಡುವುದು ಇನ್ನೂ ಉತ್ತಮ. ಯಾವ ಕಂಪನಿಯದಾದರೂ ಸರಿ, ದುರಸ್ತಿಯವರು ಮಡಿಕೇರಿ, ವಿರಾಜಪೇಟೆ ಅಥವಾ ಗೋಣಿಕೊಪ್ಪದಿಂದ ಬರುತ್ತಾರೆಯೇ, ಮೈಸೂರಿನಿಂದಲೇ ಬರಬೇಕೇ ಎಂದು ಹಣ ಕೊಡುವ ಮೊದಲು ಕೇಳಿ.

ಪ್ರಶ್ನೆ: ಮೈಕ್ರೋವೇವ್ ಕೊಳ್ಳುವುದೋ, ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಉಪಕರಣ) ಕೊಳ್ಳುವುದೋ?
– ಓದುಗರು, ಕುಶಾಲನಗರ

ಉತ್ತರ: ಹಾಲು, ಸಾರು ಬಿಸಿಮಾಡುವುದಕ್ಕಷ್ಟೇ ಆದರೆ 20 ಲೀಟರಿನ ಸಾದಾ ಮೈಕ್ರೋವೇವ್ ಸಾಕು. ಕೇಕ್, ಬಿಸ್ಕತ್ತು ಮಾಡುವ ಆಸೆಯಿದ್ದರೆ ಓಟಿಜಿ. ಎರಡೂ ಸೇರಿದ ಕನ್ವೆಕ್ಷನ್ ಮಾದರಿಗೆ ಬೆಲೆ ಹೆಚ್ಚು, ಮತ್ತು ಅನೇಕ ಮನೆಗಳಲ್ಲಿ ಅದು ಹಾಲು ಕಾಯಿಸುವುದಕ್ಕೇ ಉಳಿದುಬಿಡುತ್ತದೆ.

ಪ್ರಶ್ನೆ: ಗ್ಯಾಸ್ ಒಲೆಗೆ ಗಾಜಿನ ಮೇಲ್ಭಾಗ ಒಳ್ಳೆಯದೇ, ಸ್ಟೀಲಿನದೇ?
– ಓದುಗರು, ಸೋಮವಾರಪೇಟೆ

ಉತ್ತರ: ದೊಡ್ಡ, ಭಾರದ ಪಾತ್ರೆಗಳಲ್ಲಿ ಅಡುಗೆ ಮಾಡುವವರು ಸ್ಟೀಲಿನದನ್ನೇ ಕೊಳ್ಳಿ. ಅಗಲ ತಳದ ಪಾತ್ರೆಯು ಶಾಖವನ್ನು ಕೆಳಕ್ಕೆ ತಿರುಗಿಸುವುದರಿಂದ ಗಾಜು ಒಡೆಯುವ ಸಂಭವವಿದೆ. ಐಎಸ್‌ಐ ಗುರುತು ಇರಲೇಬೇಕು. ಹೊಸ ಒಲೆಗೆ ಹಳೆಯ ರಬ್ಬರ್ ಕೊಳವೆಯನ್ನು ಜೋಡಿಸದೆ, ತಂತಿ ಹೆಣೆದ ಸುರಕ್ಷಾ ಕೊಳವೆಯನ್ನು ಹಾಕಿಸಿ, ಐದು ವರ್ಷ ತುಂಬುವ ಮೊದಲು ಬದಲಿಸಿ.