ಮೊದಲು ನೋಡಿದ ಸಿನಿಮಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ತಾಯಿಗೆ ಎಪ್ಪತ್ತೈದು ದಾಟಿದೆ. 1968ರಲ್ಲಿ ಮದುವೆಯಾಗುವುದಕ್ಕೆ ಮುಂಚೆ, ಮಂಡ್ಯದ ಹತ್ತಿರದ ತಮ್ಮ ತವರೂರಿಗೆ ಬಂದಿದ್ದ ಟೆಂಟಿನಲ್ಲಿ ‘ಸತ್ಯ ಹರಿಶ್ಚಂದ್ರ’ ನೋಡಿದೆ, ನಾನು ಕಂಡ ಮೊದಲ ಸಿನಿಮಾ ಅದೇ ಎಂದು ಅವರು ಹೇಳುತ್ತಾರೆ. ಚಂದ್ರಮತಿ ಉಟ್ಟಿದ್ದ ಸೀರೆಯ ಬಣ್ಣವನ್ನೂ ವರ್ಣಿಸುತ್ತಾರೆ. ಆ ಚಿತ್ರ ಕಪ್ಪು ಬಿಳುಪಿನದು, ಆದ್ದರಿಂದ ಅಮ್ಮ ಹೇಳುವುದೆಲ್ಲ ಕಲ್ಪನೆ ಎಂದು ನನ್ನ ಅಣ್ಣ ವಾದಿಸುತ್ತಾನೆ. ಅಮ್ಮ ನೊಂದುಕೊಂಡಿದ್ದಾರೆ. ಯಾರು ಸರಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಚಿತ್ರದ ಬಗ್ಗೆ ನಿಮ್ಮ ಅಣ್ಣ ಹೇಳುವುದು ನಿಜ; ಅದರಿಂದ ಅವರು ತೆಗೆದ ತೀರ್ಮಾನ ಮಾತ್ರ ತಪ್ಪು. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿ, ರಾಜ್‌ಕುಮಾರ್ ಹರಿಶ್ಚಂದ್ರನಾಗಿಯೂ ಪಂಢರಿಬಾಯಿ ಚಂದ್ರಮತಿಯಾಗಿಯೂ ಅಭಿನಯಿಸಿದ ಈ ಚಿತ್ರ 1965ರಲ್ಲಿ ಕಪ್ಪು ಬಿಳುಪಿನಲ್ಲೇ ತೆರೆಗೆ ಬಂತು. ಪೂರ್ಣ ವರ್ಣದ ಮೊದಲ ಕನ್ನಡ ಚಿತ್ರವಾದ ‘ಅಮರಶಿಲ್ಪಿ ಜಕಣಾಚಾರಿ’ ಅದಕ್ಕೂ ಹಿಂದಿನ ವರ್ಷವೇ ಬಂದಿದ್ದರೂ, ಬಣ್ಣದ ಫಿಲ್ಮಿನ ವೆಚ್ಚವನ್ನು ಭರಿಸುವುದು ಕಷ್ಟವಾಗಿದ್ದರಿಂದ ಆಮೇಲೆಯೂ ಬಹುಕಾಲ ನಮ್ಮ ಹೆಚ್ಚಿನ ಚಿತ್ರಗಳು ಕಪ್ಪು ಬಿಳುಪಿನಲ್ಲೇ ತಯಾರಾದವು. ಆದರೆ ಇದೇ ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ತುಂಬಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದರು. ಆ ಪ್ರತಿಯ ಒಂದೆರಡು ದೃಶ್ಯಗಳನ್ನು ನಿಮ್ಮ ತಾಯಿ ಟಿ.ವಿ.ಯಲ್ಲಿಯೋ ಮೊಮ್ಮಕ್ಕಳ ಮೊಬೈಲಿನಲ್ಲಿಯೋ ಕಂಡಿದ್ದರೂ ಸಾಕು, ಆ ಬಣ್ಣ ಹಿಂದಕ್ಕೆ ಹರಿದು ಹಳೆಯ ನೆನಪಿಗೆ ಹತ್ತಿಕೊಂಡಿರುತ್ತದೆ. ಸಿನಿಮಾ ಕಪ್ಪು ಬಿಳುಪಿನದಾದರೂ ಅದರ ಪೋಸ್ಟರ್ ಬಣ್ಣದ್ದಾಗಿರುತ್ತಿತ್ತು ಎಂಬುದನ್ನೂ ಮರೆಯಬಾರದು. ಟೆಂಟಿನ ಬಾಗಿಲಲ್ಲಿ, ಊರಿನ ಅರಳಿಕಟ್ಟೆಯ ಪಕ್ಕದ ಗೋಡೆಯ ಮೇಲೆ, ಆಟಕ್ಕೆ ಹೋಗುವ ಮುನ್ನ ಹುಡುಗಿಯೊಬ್ಬಳು ನಾಲ್ಕಾರು ದಿನ ನೋಡುತ್ತ ನಿಂತಿದ್ದು ಆ ಪೋಸ್ಟರನ್ನೇ ಅಲ್ಲವೇ?

ಇನ್ನು ಕಾಲದ ಲೆಕ್ಕವಂತೂ ನಿಮ್ಮ ತಾಯಿಯ ಮಾತಿಗೆ ಬೆಂಬಲವಾಗಿಯೇ ಇದೆ. ಆಗ ಒಂದು ಚಿತ್ರದ ಪ್ರತಿಗಳು ಕೆಲವೇ ಇರುತ್ತಿದ್ದವು. ಅವು ಮೊದಲು ಬೆಂಗಳೂರು, ಮೈಸೂರಿನಂಥ ಊರುಗಳ ದೊಡ್ಡ ಚಿತ್ರಮಂದಿರಗಳಲ್ಲಿ ಓಡಿ, ಆಮೇಲೆ ಜಿಲ್ಲಾ ಕೇಂದ್ರ, ತಾಲ್ಲೂಕು ಎಂದು ಇಳಿಯುತ್ತ, ಗೀರು ಬಿದ್ದು ಸವೆದ ಮೇಲೆ ಟೂರಿಂಗ್ ಟಾಕೀಸಿನ ಕೈಸೇರುತ್ತಿದ್ದವು. 1965ರ ಚಿತ್ರವೊಂದು ಹಳ್ಳಿಯ ಟೆಂಟಿಗೆ 1966ರಲ್ಲೋ 1967ರಲ್ಲೋ ಬರುವುದು ತೀರ ಸಹಜವಾದ ಸಂಗತಿ. ಬಿಡುಗಡೆಯ ವರ್ಷವನ್ನೇ ನೋಡಿದ ವರ್ಷವೆಂದು ಹಿಡಿದು ಹಿರಿಯರೊಡನೆ ವಾದಕ್ಕಿಳಿಯುವ ಅನೇಕರು ಎಡವುವುದು ಇಲ್ಲಿಯೇ.

ನೆನಪಿನ ಸ್ವಭಾವವನ್ನು ಕುರಿತು ಕೇಂಬ್ರಿಡ್ಜಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಪ್ರಕಟಿಸಿದ ವಿಚಾರವೊಂದು ಇಂದಿಗೂ ನಿಂತಿದೆ. ನಾವು ನೆನಪನ್ನು ಇಟ್ಟಲ್ಲಿಂದ ಹಾಗೆಯೇ ಎತ್ತಿಕೊಳ್ಳುವುದಿಲ್ಲ. ನೆನೆದಾಗಲೆಲ್ಲ ಉಳಿದಿರುವ ಚೂರುಗಳಿಂದ ಅದನ್ನು ಮತ್ತೆ ಕಟ್ಟುತ್ತೇವೆ, ನಡುವೆ ಬಿಟ್ಟುಹೋದ ಜಾಗಗಳನ್ನು ಆಮೇಲೆ ತಿಳಿದುಕೊಂಡದ್ದರಿಂದ ತುಂಬುತ್ತೇವೆ. ಹರಿಶ್ಚಂದ್ರನ ಕಥೆಯಂತೂ ನಿಮ್ಮ ತಾಯಿಗೆ ಸಿನಿಮಾದಿಂದಲೇ ಮೊದಲು ತಿಳಿದಿರಲಾರದು. ರಾಘವಾಂಕನ ಕಾಲದಿಂದ ಕನ್ನಡನಾಡು ಕೇಳುತ್ತ ಬಂದ ಕಥೆ ಅದು; ಹರಿಕಥೆಯಲ್ಲಿ, ಊರಹಬ್ಬದ ನಾಟಕದಲ್ಲಿ ಅವರು ಅದನ್ನು ಕಂಡು ಕೇಳಿಯೇ ಟೆಂಟಿಗೆ ಹೋಗಿರುತ್ತಾರೆ. ಆ ಸೀರೆ ಯಾವುದೋ ನಾಟಕದ ಚಂದ್ರಮತಿಯದೂ ಆಗಿರಬಹುದು. ಹೀಗೆ ಒಂದು ವಿವರ ಬೇರೆ ಕಡೆಯಿಂದ ಬಂದು ಸೇರಿದ ಮಾತ್ರಕ್ಕೆ, ಅವರು ಆ ರಾತ್ರಿ ಆ ಟೆಂಟಿನಲ್ಲಿ ಕುಳಿತಿದ್ದರೆಂಬುದು ಸುಳ್ಳಾಗುವುದಿಲ್ಲ.

ಆದ್ದರಿಂದ ಸೀರೆಯ ಮಾತನ್ನು ಬಿಟ್ಟು, ಸಿನಿಮಾ ನೋಡಲು ಹೋದ ಬಗೆಯನ್ನು ಕೇಳಿರಿ. ಮೊದಲ ಸಿನಿಮಾದ ನೆನಪಿನಲ್ಲಿ ಗಟ್ಟಿಯಾಗಿ ಉಳಿಯುವುದು ಬಹುಪಾಲು ಅದೇ. ಟೆಂಟಿನ ಧ್ವನಿವರ್ಧಕದಿಂದ ಘಂಟಸಾಲ ಅವರ ತಿರುಪತಿ ವೆಂಕಟೇಶನ ಹಾಡು ಕೇಳಿಬಂದರೆ ಆಟ ಶುರುವಾಗುವ ಹೊತ್ತಾಯಿತೆಂದು ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಜನ ಹೆಜ್ಜೆ ಬಿರುಸು ಮಾಡುತ್ತಿದ್ದರು. ಅವರ ಊರಿನಲ್ಲಿ ಯಾವ ಹಾಡಿತ್ತು? ಹೆಂಗಸರ ಕಡೆ, ಗಂಡಸರ ಕಡೆ ಎಂದು ನಡುವೆ ತಡಿಕೆ ಕಟ್ಟಿದ್ದರೇ? ನೆಲಕ್ಕೆ ಕೂತರೇ, ಬೆಂಚಿಗೆ ಕೂತರೇ? ಗಾಡಿ ಕಟ್ಟಿಕೊಂಡು ಹೋದರೇ, ನಡೆದರೇ, ಮನೆಯಲ್ಲಿ ಯಾರ ಒಪ್ಪಿಗೆ ಬೇಕಾಯಿತು? ಲೋಹಿತಾಶ್ವ ಸತ್ತಾಗ ಪಕ್ಕದಲ್ಲಿ ಯಾರು ಅತ್ತರು? ಮಳೆಗಾಲದಲ್ಲಿ ಟೆಂಟು ನಡೆಸುವುದು ಕಷ್ಟವಾದ್ದರಿಂದ, ಸುಗ್ಗಿ ಮುಗಿದಿತ್ತೇ, ಆಲೆಮನೆ ನಡೆಯುತ್ತಿತ್ತೇ, ಕಬ್ಬಿನ ದುಡ್ಡು ಮನೆಗೆ ಬಂದಿತ್ತೇ ಎಂದು ಕೇಳಿದರೆ ತಿಂಗಳು ಕೂಡ ಸಿಗುತ್ತದೆ. ಇವು ಯಾವ ಚಲನಚಿತ್ರ ಚರಿತ್ರೆಯಲ್ಲಿಯೂ ದಾಖಲಾಗಿಲ್ಲ, ನಿಮ್ಮ ತಾಯಿಯಂಥವರ ಹತ್ತಿರ ಮಾತ್ರ ಇವೆ. ಅಣ್ಣನವರೇ ಪಕ್ಕದಲ್ಲಿ ಕುಳಿತು ಬರೆದುಕೊಂಡರೆ ತಾಯಿಯ ನೋವೂ ಕಳೆಯುತ್ತದೆ.

ಪ್ರಶ್ನೆ: ಬಹಳ ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಮೈಸೂರಿನ ಶಾಂತಲಾ ಚಿತ್ರಮಂದಿರಕ್ಕೆ ಕರೆದುಕೊಂಡು ಹೋಗಿದ್ದರು. ಚಿತ್ರದ ಹೆಸರು ಗೊತ್ತಿಲ್ಲ. ಊರೊಂದು ಪ್ರವಾಹದಲ್ಲಿ ಮುಳುಗುವುದು ಮಾತ್ರ ನೆನಪಿದೆ. ಈಗ ಅಪ್ಪನೂ ಇಲ್ಲ, ಚಿತ್ರಮಂದಿರವೂ ಮುಚ್ಚಿದೆ. ಅದು ಯಾವ ಸಿನಿಮಾ ಎಂದು ಕಂಡುಹಿಡಿಯಬಹುದೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಪ್ರವಾಹವೆಂದೊಡನೆ ಮೊದಲು ಹೊಳೆಯುವುದು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕಥೆಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ, 1974ರ ‘ಭೂತಯ್ಯನ ಮಗ ಅಯ್ಯು’. ಅದರ ಕೊನೆಯ ಭಾಗದ ನೆರೆಯ ದೃಶ್ಯ ನೋಡಿದವರ ಮನಸ್ಸಿನಿಂದ ಸುಲಭವಾಗಿ ಮಾಸುವಂಥದಲ್ಲ. ಆದರೂ ಅದೇ ಎಂದು ಈಗಲೇ ನಿರ್ಧರಿಸಬೇಡಿರಿ. ನೆರೆ ಬರುವ ಚಿತ್ರಗಳು ಬೇರೆಯೂ ಇವೆ. ಒಮ್ಮೆ ಒಂದು ಹೆಸರು ಮನಸ್ಸಿನಲ್ಲಿ ಕೂತರೆ, ಆ ಚಿತ್ರದ ದೃಶ್ಯಗಳೆಲ್ಲ ತಾವೇ ಬಂದು ನಿಮ್ಮ ನೆನಪಿನೊಳಗೆ ಸೇರಿಕೊಳ್ಳುತ್ತವೆ. ಪ್ರಶ್ನೆಯಲ್ಲಿನ ಒಂದೇ ಒಂದು ಕ್ರಿಯಾಪದವನ್ನು ಬದಲಿಸಿದರೂ ಅಪಘಾತ ನೋಡಿದವರು ಹೇಳುವ ವಾಹನದ ವೇಗ ಬದಲಾಗುತ್ತದೆಂದು ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಯೋಗದಿಂದ ತೋರಿಸಿದ್ದರು. ಹಾಗಾಗಿ ಮನೆಯ ಹಿರಿಯರನ್ನು ‘ಆ ಸಿನಿಮಾನಾ?’ ಎಂದು ಕೇಳದೆ, ‘ಆಗ ಅಪ್ಪ ನಮ್ಮನ್ನು ಯಾವ ಯಾವ ಸಿನಿಮಾಕ್ಕೆ ಕರೆದೊಯ್ಯುತ್ತಿದ್ದರು?’ ಎಂದು ಕೇಳಿರಿ.

ಹುಡುಕಲು ಒಳ್ಳೆಯ ಆಕರವೆಂದರೆ ಅಂದಿನ ದಿನಪತ್ರಿಕೆ. ಯಾವ ಚಿತ್ರಮಂದಿರದಲ್ಲಿ ಯಾವ ಚಿತ್ರ, ಎಷ್ಟು ಆಟ ಎಂಬ ಜಾಹೀರಾತು ಪತ್ರಿಕೆಗಳಲ್ಲಿ ಬರುತ್ತಿತ್ತು; ಹಳೆಯ ಸಂಪುಟಗಳನ್ನು ಕಾಯ್ದಿಟ್ಟಿರುವ ಗ್ರಂಥಾಲಯದಲ್ಲಿ ಕೇಳಿದರೆ ನೋಡಲು ಸಿಗುತ್ತವೆ. ಇಡೀ ದಶಕವನ್ನು ತಿರುವಿಹಾಕಬೇಕಿಲ್ಲ. ನೀವು ಆಗ ಯಾವ ಮನೆಯಲ್ಲಿದ್ದಿರಿ, ತಂಗಿಯೋ ತಮ್ಮನೋ ಹುಟ್ಟಿದ್ದರೇ, ದಸರಾ ವಸ್ತುಪ್ರದರ್ಶನಕ್ಕೆ ಹೋದ ದಿನವೇ ಸಿನಿಮಾಕ್ಕೂ ಹೋದಿರೇ ಎಂದು ನೋಡಿಕೊಂಡರೆ ಹುಡುಕಬೇಕಾದ ಕಾಲ ಕೆಲವು ತಿಂಗಳಿಗೆ ಇಳಿಯುತ್ತದೆ. ಮನೆಯ ಟ್ರಂಕಿನಲ್ಲಿ ಸಿನಿಮಾ ಹಾಡಿನ ಪುಸ್ತಕಗಳಿವೆಯೇ ಎಂದೂ ನೋಡಿರಿ. ಅರ್ಧ ಕಥೆ ಹೇಳಿ ಉಳಿದುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ನಿಲ್ಲಿಸುತ್ತಿದ್ದ ಆ ಪುಟ್ಟ ಪುಸ್ತಕಗಳನ್ನು ಟಾಕೀಸಿನ ಬಳಿಯಲ್ಲೇ ಮಾರುತ್ತಿದ್ದರು, ಕೊಂಡವರು ಎಷ್ಟೋ ಸಲ ಮೇಲೆ ತಾರೀಖು ಬರೆದಿಡುತ್ತಿದ್ದರು.

ಶಾಂತಲಾ 2020ರಲ್ಲಿ ಬಾಗಿಲು ಮುಚ್ಚಿದ್ದು ಮೈಸೂರಿನವರಿಗೆ ದೊಡ್ಡ ನಷ್ಟವೆಂದೇ ನನ್ನ ಭಾವನೆ. ಎಲ್ಲಿ ಕೂತೆವು, ಯಾವ ಮೆಟ್ಟಿಲು ಹತ್ತಿದೆವು ಎಂದು ನೆನೆಯಲು ಆ ಜಾಗಕ್ಕೆ ಮತ್ತೆ ಹೋಗುವುದರಷ್ಟು ನೆರವಾಗುವುದು ಬೇರೊಂದಿಲ್ಲ.

ಪ್ರಶ್ನೆ: ಟೆಂಟಿನಲ್ಲಿ ನಾನು ಮೊದಲು ನೋಡಿದ ಚಿತ್ರ ನಡುನಡುವೆ ನಿಲ್ಲುತ್ತಿತ್ತು, ಕೆಲವೊಮ್ಮೆ ಮಂಕಾಗುತ್ತಿತ್ತು. ಏಕೆ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ಪಟ್ಟಣದ ಚಿತ್ರಮಂದಿರಗಳಲ್ಲಿ ಎರಡು ಪ್ರೊಜೆಕ್ಟರುಗಳಿದ್ದು, ಒಂದರ ರೀಲು ಮುಗಿಯುವ ಕ್ಷಣಕ್ಕೆ ಇನ್ನೊಂದು ಶುರುವಾಗುತ್ತಿತ್ತು. ಟೆಂಟಿನಲ್ಲಿ ಬಹುತೇಕ ಒಂದೇ ಇರುತ್ತಿದ್ದುದರಿಂದ ರೀಲು ಬದಲಿಸುವವರೆಗೆ ಕಾಯದೆ ಗತಿಯಿರಲಿಲ್ಲ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ 35 ಮಿ.ಮೀ. ಫಿಲ್ಮಿನ ಸಾವಿರ ಅಡಿಯ ರೀಲು ಸುಮಾರು 11 ನಿಮಿಷದಲ್ಲಿ ಮುಗಿಯುತ್ತದೆ. ಎರಡು ರೀಲುಗಳನ್ನು ಅಂಟಿಸಿ ಒಂದೇ ಸುರುಳಿ ಮಾಡಿದರೂ 22 ನಿಮಿಷ. ಮಂಕಾಗುತ್ತಿದ್ದುದಕ್ಕೆ ಕಾರಣ ದೀಪ. ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ಹೊತ್ತಿದ ವಿದ್ಯುತ್ ಜ್ವಾಲೆಯೇ ಅಂದಿನ ಬೆಳಕು. ಕಡ್ಡಿಗಳು ಉರಿದು ಸವೆದಂತೆ ನಡುವಿನ ಅಂತರ ಹೆಚ್ಚುತ್ತಿದ್ದುದರಿಂದ ಆಪರೇಟರ್ ಅವನ್ನು ಮತ್ತೆ ಮತ್ತೆ ಹತ್ತಿರಕ್ಕೆ ತರಬೇಕಿತ್ತು. ತುಸು ತಡವಾದರೂ ತೆರೆ ಕಂದುತ್ತಿತ್ತು, ಜನ ಸಿಳ್ಳೆ ಹಾಕುತ್ತಿದ್ದರು. ಬಿಸಿಯೇರಿದ ಆ ಕೋಣೆಯಲ್ಲಿ ಎರಡನೇ ಆಟ ಮುಗಿಯುವವರೆಗೂ ನಿಂತು ದುಡಿದ ಆಪರೇಟರುಗಳ ಶ್ರಮವನ್ನು ನಾವು ಇನ್ನೂ ಸರಿಯಾಗಿ ಗುರುತಿಸಿಲ್ಲ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಮೂರು ವರ್ಷ. ಅವನ ಮೊದಲ ಸಿನಿಮಾಕ್ಕೆ ನಾನೇ ಕರೆದೊಯ್ಯಬೇಕೆಂಬ ಆಸೆ. ಅದು ಅವನ ನೆನಪಿನಲ್ಲಿ ಉಳಿದೀತೇ?
– ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಈಗಲೇ ಹೋದರೆ ಉಳಿಯುವ ಸಂಭವ ಕಡಿಮೆ. ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ನೆನಪಿರುವ ಮೊಟ್ಟಮೊದಲ ಘಟನೆ ಮೂರೂವರೆ ವಯಸ್ಸಿನ ಆಸುಪಾಸಿನದು, ಅದೂ ಚೂರುಪಾರು. ಐದಾರು ವರ್ಷ ತುಂಬುವವರೆಗೆ ಕಾಯಿರಿ. ಪ್ರಮಾಣಪತ್ರವನ್ನೂ ಗಮನಿಸಿರಿ: 2024ರ ನಿಯಮಗಳ ಪ್ರಕಾರ, ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬೇಕಾದ ಯು.ಎ. ವರ್ಗವನ್ನು 7, 13, 16 ವರ್ಷಗಳ ಮೂರು ಹಂತಗಳಾಗಿ ವಿಂಗಡಿಸಿದ್ದಾರೆ; ನಿಮ್ಮ ಮೊಮ್ಮಗನಿಗೆ ಬರಿಯ ಯು ಪ್ರಮಾಣಪತ್ರದ ಚಿತ್ರವೇ ಸರಿ. ಈಗಿನ ಚಿತ್ರಮಂದಿರಗಳ ಸದ್ದು ಎಳೆಯ ಕಿವಿಗೆ ಬಹಳ ಹೆಚ್ಚು, ಆದ್ದರಿಂದ ಸ್ಪೀಕರಿನಿಂದ ದೂರ, ಬಾಗಿಲಿಗೆ ಹತ್ತಿರದ ಸೀಟು ಹಿಡಿಯಿರಿ. ಹೆದರಿ ಅತ್ತರೆ ಹೊರಗೆ ಬನ್ನಿ, ಮುಗಿಯುವವರೆಗೆ ಕೂರಿಸಬೇಡಿ. ನೋಡಿ ಬಂದ ಮೇಲೆ ಹಿರಿಯರು ಬಿಡಿಸಿ ಬಿಡಿಸಿ ಮಾತನಾಡಿಸಿದ ಮಕ್ಕಳಲ್ಲಿ ನೆನಪು ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆಂದು ಅಧ್ಯಯನಗಳು ಹೇಳುತ್ತವೆ. ಮನೆಗೆ ಬರುವ ದಾರಿಯಲ್ಲಿ ಅವನಿಂದಲೇ ಕಥೆ ಹೇಳಿಸಿರಿ, ನೀವು ತಿದ್ದಬೇಡಿರಿ. ಈಗ ಟಿಕೆಟ್ ಮೊಬೈಲಿಗೆ ಬಂದು ಅಳಿಸಿಹೋಗುವುದರಿಂದ, ಚಿತ್ರದ ಹೆಸರು, ಚಿತ್ರಮಂದಿರ, ತಾರೀಖು, ಜೊತೆಗಿದ್ದವರು ಯಾರೆಂಬುದನ್ನು ಒಂದು ಕಾಗದದಲ್ಲಿ ನಿಮ್ಮ ಕೈಯಾರೆ ಬರೆದು, ಅವನು ಹೇಳಿದ ಕಥೆಯನ್ನೂ ಅದರ ಕೆಳಗೆ ಅವನ ಮಾತಿನಲ್ಲೇ ಸೇರಿಸಿ, ಅವನ ಜಾತಕದ ಜೊತೆಯಲ್ಲಿ ಇಟ್ಟುಬಿಡಿ.